ರಾಣಿಯ ಕೆನ್ನೆಯ ಗೀರು ಮತ್ತು ಹರಾಜಿನ ಫೋಟೋಗಳು

ಒಂದು ಬೆಳ್ಳಿ ರೂಪಾಯಿ ಬಹಳ ದಿನದಿಂದ ನನ್ನ ತಲೆ ತಿನ್ನುತ್ತಿದೆ. ಅದು ನನ್ನ ನಾಣ್ಯವಲ್ಲ, ಕೈಯಲ್ಲಿ ಹಿಡಿದೂ ನೋಡಿಲ್ಲ. 1862 ಎಂದು ಇಸವಿ ಇರುವ ವಿಕ್ಟೋರಿಯಾ ರಾಣಿಯ ರೂಪಾಯಿ. ಆ ಇಸವಿಯನ್ನು ಬದಲಾಯಿಸದೆ ಟಂಕಸಾಲೆಗಳು 1874ರ ತನಕ ಅಚ್ಚು ಹಾಕುತ್ತಲೇ ಇದ್ದವು. ಹಾಗಾಗಿ ಇದು ಅಪರೂಪದ್ದೇನಲ್ಲ. ನಾಣ್ಯದ ಮೇಲಿನ ಪುಟ್ಟ ಚುಕ್ಕೆಗಳ ಲೆಕ್ಕ ಹಿಡಿದು ಅಚ್ಚಿನ ಭೇದ ಹುಡುಕುತ್ತ ಒದ್ದಾಡುವವರಿಗೆ ಮಾತ್ರ ಅದರಲ್ಲಿ ಅಪರೂಪ ಸಿಗುತ್ತದೆ. ನಾನು ಇದನ್ನು ಮೊದಲು ನೋಡಿದ್ದು ಒಂದು ಹರಾಜಿನ ಕ್ಯಾಟಲಾಗಿನಲ್ಲಿ. ಬೂದು ಬಣ್ಣ, ಸಪ್ಪೆ ಮುಖ. ರಾಣಿಯ ಕೆನ್ನೆಯ ಮೇಲೆ, ತುಟಿಯ ಕೊನೆಯಿಂದ ಸ್ವಲ್ಪ ಮೇಲಕ್ಕೆ, ಬಾಗಿದ ಸಣ್ಣ ಗೀರು. ಪುಟ ತಿರುಗಿಸಿ ಮುಂದೆ ಹೋದೆ.

ಒಂದೆರಡು ವರ್ಷ ಕಳೆದ ಮೇಲೆ ಇನ್ನೊಂದು ಊರಿನ ಹರಾಜಿನಲ್ಲಿ ಒಂದು ರೂಪಾಯಿ ಬಂತು. ಅಂಚಿನ ಸುತ್ತ ಗಾಢ ನೀಲಿ, ಅದರ ಒಳಗೆ ನೇರಳೆ, ನಡುವೆ ಹೊಂಬಣ್ಣ. ನೋಡಿದ ಕೂಡಲೇ ಬೆರಳು ಬಿಡ್ ಬಟನ್ ಕಡೆ ಹೋಗುವಂಥ ನಾಣ್ಯ. ದೊಡ್ಡದು ಮಾಡಿ ನೋಡಿದರೆ ಕೆನ್ನೆಯ ಮೇಲೆ ಅದೇ ಗೀರು, ಅದೇ ಬಾಗು. ಕುತ್ತಿಗೆಯ ಹಿಂದೆ ಎರಡು ಚುಕ್ಕೆಯಂಥ ತಗ್ಗು ಕೂಡ ಅಲ್ಲೇ ಇದ್ದವು. ಒಂದೇ ನಾಣ್ಯ! ಈ ಸಲ ಅದು ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿಗೆ ಹೋಯಿತು.

ಒಂದೇ ನಾಣ್ಯ ಎರಡು ಸಲ ಕಣ್ಣಿಗೆ ಬೀಳುವುದು ಆಶ್ಚರ್ಯವೇನಲ್ಲ. ನೂರು ವರ್ಷ ದಾಟಿದ ನಾಣ್ಯ ನಮ್ಮ 1972ರ ಪುರಾವಸ್ತು ಕಾಯಿದೆಯ ಪ್ರಕಾರ ಪುರಾವಸ್ತು. ನೀವಾಗಲಿ ನಾನಾಗಲಿ ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಕ್ಯಾಟಲಾಗಿನಲ್ಲಿ ಇಂಥ ಲಾಟುಗಳ, ಅಂದರೆ ಹರಾಜಿಗೆ ನಂಬರ್ ಹಾಕಿಟ್ಟ ನಾಣ್ಯಗಳ, ಪಕ್ಕ ಹಾಗೆಂದು ಬರೆದೂ ಇರುತ್ತಾರೆ. ಇಲ್ಲಿರುವ ನಾಣ್ಯ ಇಲ್ಲೇ ಸುತ್ತುತ್ತದೆ. ಬೆಂಗಳೂರಿನಲ್ಲಿ ಮಾರಿದ್ದು ಮುಂಬೈಯಲ್ಲಿ, ಮುಂಬೈಯದ್ದು ಅಹಮದಾಬಾದಿನಲ್ಲಿ. ಹಳೆಯ ಕ್ಯಾಟಲಾಗುಗಳನ್ನು ರದ್ದಿಗೆ ಹಾಕದೆ ಇಟ್ಟುಕೊಂಡವರಿಗೆ ಇದರಿಂದ ಲಾಭ. ಒಂದೇ ನಾಣ್ಯವನ್ನು ಇಬ್ಬರು ಮೂವರು ಫೋಟೋಗ್ರಾಫರುಗಳ ಕಣ್ಣಿನಿಂದ ನೋಡಬಹುದು. ಗೀರು, ತಗ್ಗು, ಅಂಚಿನ ಪೆಟ್ಟು ಇವೆಲ್ಲ ನಾಣ್ಯದ ಗುರುತಿನ ಚೀಟಿ ಇದ್ದಹಾಗೆ, ಮಾಲೀಕರು ಬದಲಾದರೂ ಅವು ಹೋಗುವುದಿಲ್ಲ.

ಬಣ್ಣ ಬಂದದ್ದು ಹೇಗೆ? ಯಾರೋ ಮಧ್ಯೆ ಔಷಧಿ ಹಾಕಿ ಬಣ್ಣ ಬರಿಸಿದರಾ? ಕಂಪ್ಯೂಟರಿನಲ್ಲಿ ಏರಿಸಿದರಾ? ಅಥವಾ ಮೊದಲನೆಯವರೇ ಬಣ್ಣವನ್ನು ಕಾಣದಂತೆ ಮಾಡಿದರಾ? ಇದರ ಹಿಂದೆ ಬಿದ್ದ ಮೇಲೆಯೇ ಹರಾಜಿನ ಫೋಟೋ ನೋಡುವ ನನ್ನ ರೀತಿ ಬದಲಾಗಿದ್ದು.

ಎರಡೂ ಸುಳ್ಳಲ್ಲ

ಬೆಳ್ಳಿಯ ಮೇಲೆ ಕಾಣುವ ಆ ನೀಲಿ, ನೇರಳೆ, ಹೊಂಬಣ್ಣ ಯಾವುದೂ ನಿಜವಾಗಿ ಬಣ್ಣವಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಮೇಲೆ ಬಹಳ ತೆಳುವಾದ ಸಿಲ್ವರ್ ಸಲ್ಫೈಡ್ ಪದರ ಕಟ್ಟುತ್ತದೆ. ಅದರ ಮೇಲ್ಮೈಯಿಂದ ವಾಪಸ್ ಬರುವ ಬೆಳಕೂ, ಒಳಗೆ ಹೋಗಿ ಬೆಳ್ಳಿಗೆ ಬಡಿದು ವಾಪಸ್ ಬರುವ ಬೆಳಕೂ ಒಂದಕ್ಕೊಂದು ಸೇರಿದಾಗ ಕೆಲವು ಬಣ್ಣ ಗಟ್ಟಿಯಾಗುತ್ತವೆ, ಕೆಲವು ಅಳಿಸಿಹೋಗುತ್ತವೆ. ಮಳೆಗಾಲದಲ್ಲಿ ಪೆಟ್ರೋಲ್ ಬಂಕಿನ ಮುಂದೆ ನೀರಿನ ಮೇಲೆ ಕಾಣುವ ಬಣ್ಣಗಳ ಹಿಂದೆಯೂ ಇದೇ ಲೆಕ್ಕ. ಪದರ ತೆಳುವಿದ್ದರೆ ಹಳದಿ, ಸ್ವಲ್ಪ ದಪ್ಪವಾದರೆ ಕೆಂಪು ಬೆರೆತ ನೇರಳೆ, ಇನ್ನೂ ದಪ್ಪವಾದರೆ ನೀಲಿ. ಹಳೆಯ ಕಾಗದದ ಲಕೋಟೆಯಲ್ಲೋ ಆಲ್ಬಮ್ಮಿನಲ್ಲೋ ವರ್ಷಗಟ್ಟಲೆ ಕೂತ ನಾಣ್ಯಕ್ಕೆ ಸಾಮಾನ್ಯವಾಗಿ ಅಂಚಿನಿಂದ ಒಳಗೆ ಬಣ್ಣ ಏರುತ್ತದೆ. ಹಾಗಾಗಿ ಅಂಚಿನಲ್ಲಿ ನೀಲಿ, ನಡುವೆ ಹೊಂಬಣ್ಣ ಎಂಬ ಸಾಲು ತಪ್ಪದೆ ಬಂದಿದ್ದರೆ ಸ್ವಲ್ಪ ಸಮಾಧಾನ. ಹಳದಿಯ ಪಕ್ಕದಲ್ಲಿ ನೇರಳೆಯೇ ಇಲ್ಲದೆ ದಿಢೀರ್ ಅಂತ ನೀಲಿ ಬಂದಿದ್ದರೆ ನಾನು ಮುಂದಿನ ಲಾಟಿಗೆ ಹೋಗುತ್ತೇನೆ.

ಈ ಬಣ್ಣ ನೋಡುವ ಕೋನದ ಮೇಲೆ ನಿಂತಿದೆ. ಬೆಳಕು ಬಿದ್ದು ನೇರವಾಗಿ ಕ್ಯಾಮೆರಾಗೆ ವಾಪಸ್ ಬಂದರೆ ಬಣ್ಣ ಹೊಡೆದೇಳುತ್ತದೆ. ಬೆಳಕು ಪಕ್ಕದಿಂದ ಬಂದು ಪಕ್ಕಕ್ಕೇ ಹೋದರೆ ಕ್ಯಾಮೆರಾಗೆ ಸಿಗುವುದು ಬೂದು. ಮೊದಲನೆಯ ಹರಾಜಿನವರು ಬಹುಶಃ ಸುತ್ತಲೂ ಬಿಳಿ ಪರದೆ ಕಟ್ಟಿ ಮೆತ್ತಗಿನ ಬೆಳಕಿನಲ್ಲಿ ತೆಗೆದಿದ್ದರು. ಎರಡನೆಯವರದ್ದು, ನೋಡಿದರೆ ಗೊತ್ತಾಗುತ್ತದೆ, ಕ್ಯಾಮೆರಾ ಮತ್ತು ನಾಣ್ಯದ ನಡುವೆ 45 ಡಿಗ್ರಿಯಲ್ಲಿ ಗಾಜು ಓರೆಯಾಗಿಟ್ಟು ತೆಗೆದದ್ದು. ಪಕ್ಕದಲ್ಲಿ ದೀಪ ಇರುತ್ತದೆ, ಗಾಜು ಆ ಬೆಳಕನ್ನು ನೇರ ಕೆಳಗೆ ನಾಣ್ಯದ ಮೇಲೆ ಬೀಳಿಸುತ್ತದೆ, ನಾಣ್ಯದಿಂದ ಅದು ಅದೇ ದಾರಿಯಲ್ಲಿ ಮೇಲೆ ಬಂದು ಗಾಜು ದಾಟಿ ಲೆನ್ಸಿಗೆ ಸೇರುತ್ತದೆ. ಹೀಗೆ ತೆಗೆದ ಫೋಟೋದಲ್ಲಿ ಸಮತಟ್ಟಾದ ಜಾಗ ಎಲ್ಲ ಬೆಳಗುತ್ತದೆ, ಅಕ್ಷರದ ಇಳಿಜಾರು ಕಪ್ಪಾಗುತ್ತದೆ, ಬಣ್ಣ ಇದ್ದಷ್ಟೂ ಹೊರಗೆ ಬರುತ್ತದೆ.

ಅಂದರೆ ನಾಣ್ಯಕ್ಕೆ ಯಾರೂ ಏನೂ ಮಾಡಿರಬೇಕಾಗಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿದರೆ ಒಂದು ಕ್ಷಣ ಬೂದು, ಇನ್ನೊಂದು ಕ್ಷಣ ನೀಲಿ. ಮೊದಲ ಕ್ಯಾಟಲಾಗು ಅದರ ಕೆಟ್ಟ ಕ್ಷಣವನ್ನು ಹಿಡಿಯಿತು, ಎರಡನೆಯದು ಒಳ್ಳೆಯ ಕ್ಷಣವನ್ನು ಹಿಡಿಯಿತು. ಕೊಂಡವರು ಮನೆಗೆ ತಂದು ಟ್ಯೂಬ್‌ಲೈಟಿನ ಕೆಳಗೆ ನೋಡಿದಾಗ ಅವರಿಗೆ ಸಿಕ್ಕಿದ್ದು ಬಹಳ ಹೊತ್ತು ಬೂದೇ ಇರಬೇಕು. ಇದನ್ನು ಮೋಸ ಅನ್ನುವುದು ಕಷ್ಟ, ಸರಿ ಅನ್ನುವುದೂ ಕಷ್ಟ.

ಹೋಟೆಲ್ ಹಾಲಿನ ಮೇಜು

ಹರಾಜಿಗೆ ಒಂದೆರಡು ದಿನ ಮುಂಚೆ ಲಾಟ್ ವ್ಯೂಯಿಂಗ್ ಇರುತ್ತದಲ್ಲ, ಅಲ್ಲಿಗೆ ಜನ ಬರುವುದು ಕಡಿಮೆಯಾಗಿದೆ. ಎಲ್ಲರೂ ಫೋನಿನಲ್ಲೇ ನೋಡಿ ಬಿಡ್ ಹಾಕುತ್ತಾರೆ. ಬೆಂಗಳೂರಿನ ಒಂದು ಹೋಟೆಲ್ಲಿನ ಹಾಲಿನಲ್ಲಿ ಅಂಥ ವ್ಯೂಯಿಂಗಿಗೆ ಹೋಗಿದ್ದೆ. ಉದ್ದ ಮೇಜು, ಮೇಲೆ ಕಪ್ಪು ಬಟ್ಟೆ, ಕುರ್ಚಿಗೊಂದು ಟೇಬಲ್ ಲ್ಯಾಂಪ್. ಚೀಟಿಯಲ್ಲಿ ಲಾಟ್ ನಂಬರ್ ಬರೆದುಕೊಟ್ಟರೆ ಹುಡುಗರು ಟ್ರೇಯಲ್ಲಿ ತಂದು ಮುಂದೆ ಇಡುತ್ತಾರೆ, ನೀವು ನೋಡಿ ಮುಗಿಸುವ ತನಕ ಎದುರಿಗೇ ಕೂತಿರುತ್ತಾರೆ. ಪಕ್ಕದ ಕುರ್ಚಿಯಲ್ಲಿ ಹಿರಿಯರೊಬ್ಬರು ಇದ್ದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮೈಸೂರು ನಾಣ್ಯ ಬಿಟ್ಟರೆ ಬೇರೆ ಯಾವುದನ್ನೂ ಕೊಳ್ಳದವರು. ಆವತ್ತು ಅವರು ಮೈಸೂರಿಗೆ ಸಂಬಂಧವೇ ಇಲ್ಲದ ಲಾಟುಗಳನ್ನು ಒಂದಾದ ಮೇಲೊಂದು ತರಿಸುತ್ತಿದ್ದರು. ಎಡ್ವರ್ಡ್ ರೂಪಾಯಿ, ಮೊಘಲ್ ರೂಪಾಯಿ, ಯಾವುದೋ ಸಂಸ್ಥಾನದ ತಾಮ್ರ. ಎಡಗೈ ಪಕ್ಕ ಕ್ಯಾಟಲಾಗು ತೆರೆದಿತ್ತು. ನಾಣ್ಯ ನೋಡುವುದು, ಫೋಟೋ ನೋಡುವುದು, ಪೆನ್ಸಿಲಿನಲ್ಲಿ ಏನೋ ಗುರುತು ಮಾಡುವುದು.

ಸುಮ್ಮನಿರಲಾಗದೆ ಕೇಳಿದೆ, "ಸಾರ್, ಇವನ್ನೂ ತಗೊಳ್ತೀರಾ?"

"ಇಲ್ಲ ಇಲ್ಲ. ನಾನು ನಾಣ್ಯ ನೋಡ್ತಿಲ್ಲ. ಇವರ ಕ್ಯಾಮೆರಾ ನೋಡ್ತಿದೀನಿ" ಅಂದರು.

ಅವರು ಮಾಡುತ್ತಿದ್ದದ್ದು ಇಷ್ಟು. ಪ್ರತಿ ಹರಾಜು ಸಂಸ್ಥೆಗೂ ಫೋಟೋ ತೆಗೆಯುವುದರಲ್ಲಿ ಒಂದು ಕೈ ಇರುತ್ತದೆ. ಒಬ್ಬರ ಫೋಟೋದಲ್ಲಿ ಎಲ್ಲ ಬೆಳ್ಳಿಯೂ ಇರುವುದಕ್ಕಿಂತ ಬಿಳಿ. ಇನ್ನೊಬ್ಬರಲ್ಲಿ ಎಲ್ಲ ಚಿನ್ನವೂ ಕೆಂಪಗೆ. ಮತ್ತೊಬ್ಬರು ಶಾರ್ಪ್ ಮಾಡಿ ಮಾಡಿ ಅಕ್ಷರದ ಸುತ್ತ ಬಿಳಿ ಗೆರೆ ಬರಿಸಿರುತ್ತಾರೆ. ವ್ಯೂಯಿಂಗಿನಲ್ಲಿ ಕೈಗೆ ಸಿಗುವ ನಾಣ್ಯಗಳ ಮೇಲೆ ಆ ಕೈಯನ್ನು ಅಳೆದಿಟ್ಟುಕೊಂಡರೆ, ಮುಂದಿನ ಸಲ ಹೋಗಲಾಗದೆ ಮನೆಯಲ್ಲೇ ಕೂತು ಬಿಡ್ ಮಾಡಬೇಕಾದಾಗ ಎಷ್ಟು ಇಳಿಸಿ ಓದಬೇಕು, ಎಷ್ಟು ಏರಿಸಿ ಓದಬೇಕು ಎಂಬುದು ಗೊತ್ತಿರುತ್ತದೆ.

"ನಮ್ಮ ಮನೆ ಗಡಿಯಾರ ಹತ್ತು ನಿಮಿಷ ಮುಂದಿದೆ. ಮೊದಲಿಂದಲೂ ಅಷ್ಟೇ. ಅದರಿಂದ ನನಗೆ ಯಾವತ್ತೂ ಬಸ್ಸು ತಪ್ಪಿಲ್ಲ" ಅಂದರು. "ಒಂದಿನ ಮುಂದೆ, ಒಂದಿನ ಹಿಂದೆ ಓಡೋ ಗಡಿಯಾರ ಇದ್ರೆ ಅದನ್ನ ಏನು ಮಾಡ್ತೀರಿ ಹೇಳಿ?"

ನನಗೆ ಅಲ್ಲೇ ಬಗೆಹರಿಯಿತು. ಫೋಟೋ ನಿಜವನ್ನೇ ತೋರಿಸುತ್ತದಾ ಅಂತ ನಾವು ಕೇಳುತ್ತಿರುತ್ತೇವೆ. ನಾಣ್ಯದಂಥ ಹೊಳೆಯುವ, ಉಬ್ಬುತಗ್ಗಿನ ವಸ್ತುವಿನ ಒಂದು ಫೋಟೋ ನಿಜವಾಗಿರಲು ಸಾಧ್ಯವೇ ಇಲ್ಲ. ತಪ್ಪು ತೋರಿಸಲಿ ಬಿಡಿ, ಪ್ರತಿ ಸಲವೂ ಒಂದೇ ಥರ ತಪ್ಪು ತೋರಿಸುತ್ತದಾ ಅನ್ನುವುದು ಮುಖ್ಯ. ಚಂದದ ನಾಣ್ಯಕ್ಕೆ ಒಂದು ಬೆಳಕು, ಸವೆದ ನಾಣ್ಯಕ್ಕೆ ಇನ್ನೊಂದು ಬೆಳಕು ಹಾಕುವವರ ಕ್ಯಾಟಲಾಗನ್ನು ಓದಲು ಯಾವ ಭೂತಗನ್ನಡಿಯೂ ಸಾಲದು. ಒಂದೇ ಪುಟದಲ್ಲಿ ನಾಲ್ಕು ನಾಣ್ಯ ನಾಲ್ಕು ಥರದ ಬೆಳಕಿನಲ್ಲಿದ್ದರೆ ನಾನು ಅನುಮಾನದಿಂದಲೇ ಶುರು ಮಾಡುತ್ತೇನೆ. ಎಲ್ಲವೂ ಒಂದೇ ಥರ ಸಪ್ಪೆಯಾಗಿದ್ದರೆ ನೆಮ್ಮದಿ.

ಆವತ್ತು ಅವರು ತಮಗೆಂದು ಗುರುತಿಟ್ಟುಕೊಂಡಿದ್ದ ಲಾಟನ್ನು ಕೊನೆಗೆ ತರಿಸಿದರು. ಟಿಪ್ಪುವಿನ ಪಟ್ಟಣ ಟಂಕಸಾಲೆಯ, ಅಂದರೆ ಶ್ರೀರಂಗಪಟ್ಟಣದ, ತಾಮ್ರದ ಎರಡು ಪೈಸೆ. ಕ್ಯಾಟಲಾಗಿನಲ್ಲಿ ಅದು ಕೆಸರಿನಲ್ಲಿ ಅದ್ದಿ ತೆಗೆದಹಾಗೆ ಕಪ್ಪಗಿತ್ತು. ಆನೆ ಇದೆ ಅಂತ ಗೊತ್ತಾಗುತ್ತಿತ್ತು, ಅಷ್ಟೇ. ಟ್ರೇಯಲ್ಲಿ ಬಂದದ್ದು ಬೇರೆಯೇ. ಒಳ್ಳೆ ಕಂದು ಬಣ್ಣ, ಮೈ ತುಂಬ ನುಣುಪು. ದೀಪದ ಕೆಳಗೆ ಓರೆ ಮಾಡಿದರೆ ಆನೆಯ ಕಿವಿಯ ಅಂಚು, ಸೊಂಡಿಲಿನ ಮಡಿಕೆ, ಮೇಲಕ್ಕೆತ್ತಿದ ಬಾಲ, ಹಿಂದಿನ ಬಾವುಟ ಎಲ್ಲ ಎದ್ದು ನಿಂತವು. ಸುಮಾರು 22 ಗ್ರಾಂ ತೂಗುವ ದಪ್ಪ ನಾಣ್ಯ, ಅಂಗೈ ಮೇಲಿಟ್ಟರೆ ತೂಕ ಗೊತ್ತಾಗುತ್ತದೆ. ಕಾರಣ ಅವರಿಗೆ ಮೊದಲೇ ಗೊತ್ತಿತ್ತು. ಈ ಸಂಸ್ಥೆಯವರು ಬೆಳ್ಳಿಗೆ ಒಂದು ಸಲ ಕ್ಯಾಮೆರಾ ಹೊಂದಿಸಿಟ್ಟರೆ ತಾಮ್ರಕ್ಕೂ ಅದರಲ್ಲೇ ತೆಗೆಯುತ್ತಾರೆ. ಬೆಳ್ಳಿ ವಾಪಸ್ ಕೊಡುವಷ್ಟು ಬೆಳಕನ್ನು ತಾಮ್ರ ಕೊಡುವುದಿಲ್ಲ, ಅದರಲ್ಲೂ ಹಳೆಯ ಕಂದು ತಾಮ್ರ. ಹಾಗಾಗಿ ಇಲ್ಲಿ ಬೆಳ್ಳಿ ಎಲ್ಲ ಒಂದು ಮೆಟ್ಟಿಲು ಮೇಲೆ, ತಾಮ್ರ ಎಲ್ಲ ಎರಡು ಮೆಟ್ಟಿಲು ಕೆಳಗೆ. "ಇವರ ಹತ್ತಿರ ತಾಮ್ರ ತಗೋಬೇಕು, ಬೆಳ್ಳಿ ಬೇರೆ ಕಡೆ" ಅಂದು ಕ್ಯಾಟಲಾಗು ಮುಚ್ಚಿದರು. ಹರಾಜಿನ ದಿನ ಆ ಆನೆಗೆ ಅವರ ಜೊತೆ ಪೈಪೋಟಿಗೆ ನಿಂತದ್ದು ಒಬ್ಬರೋ ಇಬ್ಬರೋ. ಅವರೂ ಬೇಗ ಕೈ ಇಳಿಸಿದರು.

ಹೊಳಪು ಎಂಬ ತೊಂದರೆ

ವಿವರಣೆಯಲ್ಲಿ ಲಸ್ಟರ್ ಇದೆ ಅಂತ ಬರೆದಿರುತ್ತಾರೆ. ಫೋಟೋದಲ್ಲಿ ಫಳಫಳ ಅನ್ನುತ್ತಿರುತ್ತದೆ. ಈ ಎರಡನ್ನೂ ಸೇರಿಸಿ ಓದಿದರೆ ಕೆಲಸ ಕೆಟ್ಟಹಾಗೆ. ಅಚ್ಚು ಬಡಿದಾಗ ಲೋಹ ನಡುವಿನಿಂದ ಅಂಚಿನ ಕಡೆ ಹರಿಯುತ್ತದೆ, ಹರಿದ ಜಾಡು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ಉಳಿಯುತ್ತದೆ. ನಾಣ್ಯವನ್ನು ಒಂದೇ ದೀಪದ ಕೆಳಗೆ ಓರೆ ಮಾಡಿದರೆ ಆ ಗೆರೆಗಳ ಮೇಲೆ ಬೆಳಕಿನ ಪಟ್ಟಿಯೊಂದು ನಾಣ್ಯದ ಸುತ್ತ ತಿರುಗುತ್ತದೆ. ಅದು ಲಸ್ಟರ್. ತಿರುಗುವುದೇ ಅದರ ಗುಣ, ನಿಂತ ಫೋಟೋದಲ್ಲಿ ಅದು ತಿರುಗುವುದು ಹೇಗೆ? ನೀವು ಫೋಟೋದಲ್ಲಿ ನೋಡುವುದು ಹೊಳಪನ್ನು ಮಾತ್ರ. ಹೊಳಪು ಬೇರೆ ದಾರಿಯಿಂದಲೂ ಬರುತ್ತದೆ.

ಬೇರೆ ದಾರಿ ಯಾವುದು ಅಂತ ನಮ್ಮ ಮನೆಗಳಲ್ಲಿ ಹೇಳಿಕೊಡಬೇಕಾಗಿಲ್ಲ. ವರಮಹಾಲಕ್ಷ್ಮಿ ಹಬ್ಬ ಬಂತು ಅಂದರೆ ದೇವರ ಮನೆಯ ಡಬ್ಬಿಯಿಂದ ಬೆಳ್ಳಿ ರೂಪಾಯಿಗಳು ಹೊರಗೆ ಬರುತ್ತವೆ. ಹುಣಸೆಹಣ್ಣು, ಸೀಗೆಪುಡಿ, ವಿಭೂತಿ, ಈಗ ಟೂತ್‌ಪೇಸ್ಟ್. ಚೆನ್ನಾಗಿ ಉಜ್ಜಿ, ಅರಿಶಿನ ಕುಂಕುಮ ಇಟ್ಟು, ಮುಂದಿನ ವರ್ಷ ಮತ್ತೆ ಉಜ್ಜಿ. ಪೂಜೆಗೆ ಅದು ಸರಿಯೇ. ಆದರೆ ಅಂಥ ನಾಣ್ಯ ಒಂದು ದಿನ ಮಾರಾಟಕ್ಕೆ ಬಂದಾಗ ಅದರ ಮೈ ತುಂಬ ಕೂದಲೆಳೆಯಂಥ ಗೀರುಗಳು, ಹೇರ್‌ಲೈನು ಅನ್ನುತ್ತಾರೆ, ತುಂಬಿರುತ್ತವೆ. ಹರಿದ ಜಾಡು ಅಳಿಸಿಹೋಗಿರುತ್ತದೆ. ಮೆತ್ತಗಿನ ಬೆಳಕಿನಲ್ಲಿ ಫೋಟೋ ತೆಗೆದರೆ ಎಲ್ಲ ದಿಕ್ಕಿನಿಂದ ಬರುವ ಬೆಳಕು ಆ ಗೀರುಗಳ ನೆರಳನ್ನು ಅಳಿಸಿಬಿಡುತ್ತದೆ. ಚೂರು ಪಾರು ಉಳಿದದ್ದನ್ನು ಫೋಟೋ ಚಿಕ್ಕದು ಮಾಡುವಾಗ ಕಂಪ್ಯೂಟರು ನುಂಗುತ್ತದೆ. ತೆರೆಯ ಮೇಲೆ ಉಳಿಯುವುದು ಒಂದು ಬೆಳ್ಳಗಿನ, ಶುಭ್ರವಾದ ರೂಪಾಯಿ.

ನನಗೆ ಉಪಯೋಗಕ್ಕೆ ಬಂದ ಒಂದು ಗುಟ್ಟಿದೆ. ಫೋಟೋ ತೆರೆದ ಕೂಡಲೇ ನಾಣ್ಯ ನೋಡಬೇಡಿ, ದೀಪ ಎಲ್ಲಿತ್ತು ಹುಡುಕಿ. ಅಕ್ಷರಗಳ ನೆರಳು ಯಾವ ಕಡೆ ಬಿದ್ದಿದೆ? ಎರಡು ಕಡೆ ಬಿದ್ದಿದ್ದರೆ ಎರಡು ದೀಪ. ನೆರಳೇ ಇಲ್ಲದಿದ್ದರೆ ಬಿಳಿ ಪರದೆ, ಹೇರ್‌ಲೈನು ಕಾಣುವ ಆಸೆ ಬಿಡಿ. ಮುಖ ಉಬ್ಬಿದ್ದರ ಬದಲು ತಗ್ಗಾಗಿ ಕಂಡರೆ ಗಾಬರಿ ಬೇಡ, ದೀಪ ಕೆಳಗಿನಿಂದ ಬಂದಿರುತ್ತದೆ. ಮೇಲಿಂದ ಬರುವ ಬೆಳಕಿಗೆ ಒಗ್ಗಿದ ನಮ್ಮ ಕಣ್ಣು ಮೋಸ ಹೋಗುತ್ತದೆ ಅಷ್ಟೇ. ಹಿನ್ನೆಲೆ ಬಿಳಿ ಎಷ್ಟು ಬಿಳಿ ಅಂತ ನೋಡಿ. ಅದರಲ್ಲೇ ಹಳದಿ ಛಾಯೆ ಇದ್ದರೆ ಚಿನ್ನದ ಹಳದಿಯನ್ನು ನಂಬುವ ಹಾಗಿಲ್ಲ. ಗ್ರೇಡ್ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದ ನಾಣ್ಯದ, ಅಂದರೆ ಸ್ಲ್ಯಾಬಿನ, ಫೋಟೋ ಆಗಿದ್ದರೆ ಇನ್ನೂ ಸುಲಭ, ಒಳಗಿನ ಚೀಟಿಯ ಬಿಳಿ ಕಾಗದವೇ ಅಳತೆಗೋಲು.

ಸವೆತಕ್ಕೂ ಹೀಗೇ ಒಂದು ಹಾದಿ ಇದೆ. ವಿಕ್ಟೋರಿಯಾ ರೂಪಾಯಿಯಲ್ಲಿ ಮೊದಲು ಸವೆಯುವುದು ಎತ್ತರದ ಜಾಗ: ಕಿರೀಟ, ಕಿವಿಯ ಮೇಲಿನ ಕೂದಲು, ಎದೆಯ ಮೇಲಿನ ಕಸೂತಿ. ಐದನೇ ಜಾರ್ಜನಲ್ಲಿ ಕಿವಿ, ಹುಬ್ಬು, ಅಂಗಿಯ ಮೇಲಿನ ಪುಟ್ಟ ಆನೆ. (1911ರ ರೂಪಾಯಿಯಲ್ಲಿ ಆ ಆನೆ ಹಂದಿಯ ಥರ ಕಂಡು ಗಲಾಟೆಯಾಗಿ, 1912ಕ್ಕೆ ತಿದ್ದಿದ ಆನೆ ಬಂತು. ಹಂದಿ ರೂಪಾಯಿ ಅಂತ ಇವತ್ತಿಗೂ ಕರೆಯುತ್ತಾರೆ.) ಅಲ್ಲಿ ಸವೆತ ಇದ್ದೂ ಸುತ್ತಲಿನ ಜಾಗ ಕನ್ನಡಿಯಂತೆ ಹೊಳೆಯುತ್ತಿದ್ದರೆ ಆ ಹೊಳಪು ಟಂಕಸಾಲೆಯಿಂದ ಬಂದದ್ದಲ್ಲ. ಇನ್ನು ತೂಕ. ನಮ್ಮ ಕ್ಯಾಟಲಾಗುಗಳು ಮಾಡುವ ಒಂದು ಒಳ್ಳೆಯ ಕೆಲಸವೆಂದರೆ ತೂಕ ಹಾಕುವುದು. 1939ರ ತನಕದ ಈ ಬ್ರಿಟಿಷ್ ಬೆಳ್ಳಿ ರೂಪಾಯಿಗೆ 11.66 ಗ್ರಾಂ ಇರಬೇಕು, ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಫೋಟೋದಲ್ಲಿ ಬಳಸದೇ ಇಟ್ಟಂತೆ ಕಾಣುವ ನಾಣ್ಯದ ಪಕ್ಕ 11.4 ಅಂತ ಬರೆದಿದ್ದರೆ, ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ತಕ್ಕಡಿಗೆ ಬೆಳಕಿನ ಹಂಗಿಲ್ಲ.

ಉಗುರಿನ ಮೇಲಿನ ನರಸಿಂಹ

ಗಾತ್ರದ ವಿಷಯ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಆದರೂ ಪ್ರತಿ ಹರಾಜಿನ ನಂತರ ಯಾರಾದರೊಬ್ಬರು ಹೊಸಬರು ಪೆಚ್ಚಾಗುತ್ತಾರೆ. ಕಂಠೀರವ ನರಸರಾಜ ಒಡೆಯರ ಚಿನ್ನದ ಹಣ, ಕಂಠೀರಾಯಿ ಹಣ, ತೂಗುವುದು ಅರ್ಧ ಗ್ರಾಮಿಗಿಂತ ಕಡಿಮೆ. ಅಗಲ ಒಂದು ಮಸೂರ ಬೇಳೆಗಿಂತ ಚೂರು ಹೆಚ್ಚು. ಕ್ಯಾಟಲಾಗಿನಲ್ಲಿ ಅದು ಅರ್ಧ ಪುಟ ತುಂಬಿಕೊಂಡು ನರಸಿಂಹ ಗರ್ಜಿಸುತ್ತಿರುತ್ತಾನೆ. ನಮ್ಮ ಅಮ್ಮನಿಗೆ ಮೊದಲು ಫೋಟೋ ತೋರಿಸಿ ಆಮೇಲೆ ನಾಣ್ಯ ಕೈಗಿಟ್ಟೆ. ಉಗುರಿನ ಮೇಲೆ ಇಟ್ಟುಕೊಂಡು, ಕನ್ನಡಕ ಹಣೆಗೆ ಏರಿಸಿ, ಹತ್ತಿರಕ್ಕೆ ತಂದು ನೋಡಿದರು. "ಇಷ್ಟಕ್ಕಾ? ಕಸ ಗುಡಿಸೋವಾಗ ಹೋದ್ರೆ ಗೊತ್ತೂ ಆಗಲ್ಲ ಕಣೋ" ಅಂದರು.

ಚಿಕ್ಕ ನಾಣ್ಯವನ್ನು ಹಿಗ್ಗಿಸಿದಾಗ ಎರಡೂ ಕಡೆ ಅನ್ಯಾಯವಾಗುತ್ತದೆ. ಕಣ್ಣಿಗೆ ಕಾಣದ ಗೀರು ತೆರೆಯ ಮೇಲೆ ಕಾಲುವೆಯಾಗುತ್ತದೆ, ಒಳ್ಳೆಯ ನಾಣ್ಯ ಹೊಡೆತ ತಿಂದ ನಾಣ್ಯದ ಹಾಗೆ ಕಾಣುತ್ತದೆ. ಇನ್ನೊಂದು ಕಡೆ, ಕೈಯಲ್ಲಿ ಹಿಡಿದಾಗ ಏನೂ ಕಾಣದ ನಾಣ್ಯದಲ್ಲಿ ದೇವರ ಕಿರೀಟದ ಮಣಿಯೂ ಎಣಿಸಲು ಸಿಗುತ್ತದೆ. ವಿಜಯನಗರದ ಚಿನ್ನದ ವರಾಹಗಳು ಸುಮಾರು 3.4 ಗ್ರಾಂ, ಗುಂಡಗೆ, ದಪ್ಪಗೆ. ಹೈದರಾಲಿ ಕೂಡ ಅದೇ ತೂಕಕ್ಕೆ ಶಿವ ಪಾರ್ವತಿಯರನ್ನು ಇಟ್ಟು ಬಹಾದೂರಿ ಹೊನ್ನು ಹೊರಡಿಸಿದ. ಇವನ್ನು ನಾನು ತೆರೆಯ ಮೇಲೆ ನಿಜ ಗಾತ್ರಕ್ಕೆ ಇಳಿಸಿ ಒಮ್ಮೆ ನೋಡುತ್ತೇನೆ. ಆಗಲೂ ದೇವರ ಮುಖ ಒಂದಿಷ್ಟು ಕಂಡರೆ ಅದು ಒಳ್ಳೆಯ ನಾಣ್ಯ. ಹಿಗ್ಗಿಸಿದಾಗ ಮಾತ್ರ ಕಂಡರೆ ಬೆಲೆಯನ್ನು ಅದಕ್ಕೆ ತಕ್ಕಂತೆ ಹೇಳುತ್ತೇನೆ.

ಮೂರನೇ ಮುಖ

ನನ್ನ ದೊಡ್ಡ ತಕರಾರು ಇರುವುದು ಅಂಚಿನ ಬಗ್ಗೆ. ಎರಡು ಮುಖದ ಫೋಟೋ ಎಲ್ಲರೂ ಹಾಕುತ್ತಾರೆ, ಅಂಚಿನ ಫೋಟೋ ಹಾಕುವವರು ಅಪರೂಪ. ನಾಣ್ಯಕ್ಕೆ ಆದ ಅನಾಹುತಗಳೆಲ್ಲ ಬರೆದಿರುವುದೇ ಅಲ್ಲಿ. ಅದರಲ್ಲೂ ನಮ್ಮ ಕಡೆ. ಕಾಸಿನ ಸರಕ್ಕೆ ಹೋದ ನಾಣ್ಯಗಳು, ಪದಕವಾಗಿ ಮಗುವಿನ ಕೊರಳಲ್ಲಿ ಇದ್ದ ರೂಪಾಯಿಗಳು, ಉಡಿದಾರಕ್ಕೆ ಕಟ್ಟಿದ್ದ ಪವನ್ನುಗಳು. ಕೊಂಡಿ ಬೆಸೆಯುವಾಗ ಅಕ್ಕಸಾಲಿ ಅಂಚಿಗೆ ಶಾಖ ಕೊಟ್ಟಿರುತ್ತಾನೆ, ತೆಗೆಯುವಾಗ ಅರದಿಂದ ಉಜ್ಜಿರುತ್ತಾನೆ. ಹನ್ನೆರಡು ಗಂಟೆಯ ಜಾಗದಲ್ಲಿ ಅಂಚಿನ ಗೀಟುಗಳು ನುಣ್ಣಗಾಗಿರುತ್ತವೆ. ಮುಂಭಾಗದ ಫೋಟೋದಲ್ಲಿ ಇದು ಒಂದು ಸಣ್ಣ ಮಸುಕು, ಕೆಲವೊಮ್ಮೆ ಅದೂ ಇಲ್ಲ. ಏಕೆಂದರೆ ಹಿನ್ನೆಲೆ ಕತ್ತರಿಸಿ ಬಿಳಿ ಮಾಡುವಾಗ ಅಂಚಿನ ಒಂದು ಎಳೆಯೂ ಅದರ ಜೊತೆ ಹೋಗಿರುತ್ತದೆ. ಬೇಕಂತಲೇ ಮಾಡುತ್ತಾರೆ ಅನ್ನುತ್ತಿಲ್ಲ. ಸಾವಿರಾರು ಫೋಟೋ ಕತ್ತರಿಸುವ ಹುಡುಗ ಚೊಕ್ಕವಾದ ವೃತ್ತ ಎಳೆದು ಮುಂದಿನದಕ್ಕೆ ಹೋಗುತ್ತಾನೆ. ಆ ವೃತ್ತದ ಹೊರಗೆ ಉಳಿದ ಪೆಟ್ಟು ಕೊಂಡವನ ಪಾಲಿಗೆ.

ಎರಕದ ಖೋಟಾ ನಾಣ್ಯಗಳ ಕಥೆಯೂ ಅಂಚಿನಲ್ಲೇ. ಎರಡು ಅರ್ಧ ಅಚ್ಚು ಸೇರಿದ ಜಾಗದಲ್ಲಿ ಉದ್ದಕ್ಕೂ ಒಂದು ಗೆರೆ ಬರುತ್ತದೆ. ಅದನ್ನು ಅರ ಹಾಕಿ ಅಳಿಸಿದರೆ ಅರದ ಗುರುತು ಉಳಿಯುತ್ತದೆ. ಮುಖ ಎಷ್ಟೇ ಚೆನ್ನಾಗಿ ನಕಲಾಗಲಿ, ಅಂಚು ನಕಲು ಮಾಡುವುದು ಕಷ್ಟ. ಹಿಂದಿನ ಚಿನಿವಾರರು, ಅಂದರೆ ನಾಣ್ಯ ಪರೀಕ್ಷಿಸುವವರು, ರೂಪಾಯಿಯನ್ನು ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುತ್ತಿದ್ದರು, ಅನುಮಾನ ಬಂದರೆ ಉಳಿಯಿಂದ ಒಂದು ಗುರುತು ಹೊಡೆಯುತ್ತಿದ್ದರು. ಮೊಘಲ್ ಕಾಲದ ರೂಪಾಯಿಗಳ ಮೇಲೆ ಆ ಗುರುತುಗಳು ಇವತ್ತಿಗೂ ಸಿಗುತ್ತವೆ, ನಾವು ಅದಕ್ಕೆ ಬೆಲೆ ಕಡಿಮೆ ಮಾಡುತ್ತೇವೆ. ಪಾಪ, ಅವರು ಮಾಡಿದ ಪರೀಕ್ಷೆಯಲ್ಲಿ ಒಂದನ್ನೂ ನಾವು ಫೋನಿನ ತೆರೆಯ ಮೇಲೆ ಮಾಡಲಾರೆವು.

ಸ್ಲ್ಯಾಬ್ ಬಂದ ಮೇಲೆ ಇದೆಲ್ಲ ಮುಗಿಯಿತು ಅನ್ನುವವರಿದ್ದಾರೆ. ಅಮೆರಿಕದ ಎನ್‌ಜಿಸಿ, ಪಿಸಿಜಿಎಸ್ ಕಂಪನಿಗಳು ನಾಣ್ಯ ಪರೀಕ್ಷಿಸಿ 1ರಿಂದ 70ರ ತನಕ ಗ್ರೇಡ್ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ. ಉಜ್ಜಿದ್ದು, ಕೊಂಡಿ ತೆಗೆದದ್ದು ಕಂಡರೆ ನಂಬರ್ ಕೊಡದೆ ಕಾರಣ ಬರೆಯುತ್ತವೆ. ಅದರಿಂದ ಅನುಕೂಲ ಆಗಿದೆ, ಇಲ್ಲ ಅನ್ನಲಾರೆ. ಆದರೆ ಫೋಟೋದ ಕಷ್ಟ ಇನ್ನೊಂದು ಪದರ ಜಾಸ್ತಿಯಾಗಿದೆ. ಈಗ ನಾಣ್ಯದ ಗೀರು ಯಾವುದು, ಡಬ್ಬಿಯ ಗೀರು ಯಾವುದು ಅಂತ ಬೇರೆ ಮಾಡಬೇಕು. ಎರಡು ಫೋಟೋ ಇದ್ದರೆ ಹೋಲಿಸಿ ನೋಡಿ, ದೀಪ ಸ್ವಲ್ಪ ಸರಿದಾಗ ಡಬ್ಬಿಯ ಗೀರಿನ ನೆರಳು ನಾಣ್ಯದ ಮೇಲೆ ಜಾಗ ಬದಲಿಸುತ್ತದೆ, ನಾಣ್ಯದ ಗೀರು ಕದಲುವುದಿಲ್ಲ. ಇನ್ನು ಒಂದೇ 62 ನಂಬರಿನ ಎರಡು ನಾಣ್ಯಗಳಲ್ಲಿ ಒಂದು ನೋಡಲು ಚಂದ, ಒಂದು ಕುರೂಪ. ನಂಬರು ಅದನ್ನು ಹೇಳುವುದಿಲ್ಲ. ನಾವು ಮತ್ತೆ ಫೋಟೋದ ಹತ್ತಿರಕ್ಕೇ ಬರುತ್ತೇವೆ.

ಈಚೆಗೆ ವಾಟ್ಸಾಪಿನಲ್ಲಿ ವಿಡಿಯೋ ಕಳಿಸುವ ರೂಢಿ ಬಂದಿದೆ. ಬೆಳಕಿನ ಪಟ್ಟಿ ತಿರುಗುತ್ತದೋ ಇಲ್ಲವೋ ಅಂತ ನೋಡಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಫೋನಿನ ಕ್ಯಾಮೆರಾ ತನ್ನ ಪಾಡಿಗೆ ತಾನು ಬಣ್ಣ ಏರಿಸುತ್ತದೆ, ಮೈ ನುಣುಪು ಮಾಡುತ್ತದೆ, ಅದಕ್ಕೆ ಮುಖ ಯಾವುದು ನಾಣ್ಯ ಯಾವುದು ಗೊತ್ತಾಗುವುದಿಲ್ಲ. ಹಾಗಾಗಿ ವಿಡಿಯೋವನ್ನು ನಾನು ಬಣ್ಣಕ್ಕೆ ನೋಡುವುದಿಲ್ಲ, ಓಡಾಟಕ್ಕೆ ಮಾತ್ರ ನೋಡುತ್ತೇನೆ.

ಮೊನ್ನೆ ಒಂದು ಹರಾಜಿನ ಪಟ್ಟಿಯಲ್ಲಿ ಅಚ್ಯುತರಾಯನ ಅರ್ಧ ವರಾಹ ಕಂಡಿತು. ಗಂಡಭೇರುಂಡ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿರುವ ನಾಣ್ಯ. ಫೋಟೋ ಪರವಾಗಿಲ್ಲ, ಆ ಸಂಸ್ಥೆಯ ಚಿನ್ನ ಯಾವಾಗಲೂ ಸ್ವಲ್ಪ ಕೆಂಪಗೆ ಬರುತ್ತದೆ ಅಂತ ಗೊತ್ತು, ಅಷ್ಟು ಕಳೆದು ನೋಡಿದೆ. ಮೇಲಿನ ಅಂಚಿನಲ್ಲಿ ಮಾತ್ರ ಒಂದು ಕಡೆ ನುಣ್ಣಗೆ ಅನ್ನಿಸಿತು. ಫೋನ್ ಮಾಡಿ ಅಂಚಿನ ಫೋಟೋ ಕೇಳಿದೆ. "ಅಂಚಿಂದಾ ಸಾರ್? ಯಾರೂ ಕೇಳಲ್ವಲ್ಲ" ಅಂದ ಹುಡುಗ. ಆದರೂ ಸಂಜೆಗೆ ಕಳಿಸಿದ, ಬೆರಳುಗಳ ನಡುವೆ ನಾಣ್ಯ ಹಿಡಿದು, ಟ್ಯೂಬ್‌ಲೈಟಿನ ಕೆಳಗೆ, ಚೂರು ಅಲುಗಾಡಿದ ಫೋಟೋ. ಬೆಸುಗೆಯ ಗುರುತು ಇಲ್ಲ, ಅರದ ಗೆರೆಯೂ ಇಲ್ಲ. ನುಣ್ಣಗೆ ಕಂಡದ್ದು ಹಿನ್ನೆಲೆ ಕತ್ತರಿಸಿದ ಕೈಯ ಕೆಲಸ. ನನ್ನ ಬಿಡ್ ಸ್ವಲ್ಪ ಏರಿಸಿ, ಮೇಲೆ ಬೀಳುವ ಹರಾಜಿನವರ ಪ್ರೀಮಿಯಂ ಮತ್ತು ಜಿಎಸ್‌ಟಿ ಲೆಕ್ಕ ಹಾಕಿ, ಮತ್ತೆ ಸ್ವಲ್ಪ ಇಳಿಸಿ ಕಳಿಸಿದ್ದೇನೆ. ಹರಾಜು ಬರುವ ಶನಿವಾರ.